ಸೇಡಂ-ಚಿಂಚೋಳಿಯ ಹಿರಿಯರ ನೆನಪನ್ನು ಅಳೆಯುವುದು ಹೇಗೆ?

ಕೇಳಿದ ಮಾತು ನೆನಪಾಗಿ ಉಳಿಯುವ ಹೊತ್ತಿಗೆ ಮಿದುಳಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ತಲೆಬುರುಡೆ ತೆರೆಯದೆಯೇ ನೋಡುವ ವಿಧಾನವನ್ನು 1990ರ ದಶಕದಲ್ಲಿ ಎಫ್‌ಎಂಆರ್‌ಐ ಯಂತ್ರ ಒದಗಿಸಿತು. ಮಿದುಳಿನ ಯಾವ ಭಾಗ ಕೆಲಸದಲ್ಲಿ ತೊಡಗಿದೆಯೋ ಅಲ್ಲಿಗೆ ಆಮ್ಲಜನಕಯುಕ್ತ ರಕ್ತ ಹೆಚ್ಚಾಗಿ ಹರಿಯುತ್ತದೆ. ಯಂತ್ರ ಆ ವ್ಯತ್ಯಾಸವನ್ನು ಚಿತ್ರವಾಗಿಸುತ್ತದೆ. ಪದವೊಂದನ್ನು ಓದುವ ಕ್ಷಣದಲ್ಲಿ ಮಿದುಳಿನ ಎಡಪಾರ್ಶ್ವದ ಕೆಲವು ಭಾಗಗಳು ಹೆಚ್ಚು ಚುರುಕಾಗಿದ್ದರೆ ಆ ಪದ ಮುಂದೆ ನೆನಪಿನಲ್ಲಿ ಉಳಿಯುವ ಸಂಭವವೂ ಹೆಚ್ಚೆಂದು 1998ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು.

ಆದರೆ ಯಂತ್ರದೊಳಗೆ ಮಲಗಿ ಬಿಡಿಪದಗಳನ್ನು ನೆನಪಿಡುವುದು ಒಂದು ಬಗೆ. ತೊಗರಿಯ ದರ, ಬರಬೇಕಾದ ಬಾಕಿ, ಮಗಳ ಊರಿಗೆ ಮುಟ್ಟಿಸಬೇಕಾದ ಸುದ್ದಿ ಇವನ್ನೆಲ್ಲ ಚೀಟಿಯಿಲ್ಲದೆ ತಲೆಯಲ್ಲಿ ಹೊತ್ತು ತರುವುದು ಇನ್ನೊಂದು ಬಗೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ, ಶಹಾಬಾದಿನ ಕಲ್ಲುಗಣಿಗಳಲ್ಲಿ, ವಾಡಿಯ ಸಿಮೆಂಟು ಕಾರ್ಖಾನೆಯ ಆಸುಪಾಸಿನಲ್ಲಿ ದುಡಿದ ಅಕ್ಷರ ಕಲಿಯದ ಹಿರಿಯರು ಬದುಕು ಸಾಗಿಸಿದ್ದು ಈ ಎರಡನೆಯ ಬಗೆಯ ನೆನಪಿನಿಂದ. ಅದೂ ಒಂದೇ ಭಾಷೆಯಲ್ಲಲ್ಲ. ಮನೆಯಲ್ಲಿ ಕನ್ನಡವೋ ಲಂಬಾಣಿಯೋ, ಗಡಿಯಾಚೆ ತೆಲುಗು, ಅಂಗಡಿಯಲ್ಲಿ ದಖನಿ ಉರ್ದು.

ಇದು ಉಪೇಕ್ಷಿಸುವ ಸಂಗತಿಯಲ್ಲ. 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಮರೆಗುಳಿ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಅಂತರವಿತ್ತು. ಆದ್ದರಿಂದ ಶಾಲೆಯ ಓದೊಂದೇ ಅದಕ್ಕೆ ಕಾರಣವಾಗಲಾರದು. ಸೇಡಂಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವೆಂಬುದನ್ನು ನಮ್ಮ ಯೋಜಕರು ಆಗಾಗ ಮರೆಯುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ 10,000 ಗ್ರಾಮೀಣರನ್ನು ದೀರ್ಘಕಾಲ ಅನುಸರಿಸುವ ಗುರಿಯಿಟ್ಟು ಅಧ್ಯಯನ ಕೈಗೊಂಡಿದೆ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಎಂಆರ್‌ಐ ಎಲ್ಲವೂ ಅದರಲ್ಲಿ ಸೇರಿವೆ. ಶ್ಲಾಘನೀಯ ಕಾರ್ಯವೇ ಸರಿ. ಆದರೆ ಕೋಲಾರದ ಸರಾಸರಿಯನ್ನು ಕಲಬುರಗಿಗೆ ಹಾಗೆಯೇ ಅನ್ವಯಿಸಲಾಗದು.

ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಮರೆಗುಳಿ ರೋಗಕ್ಕೆ ತುತ್ತಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹಳ್ಳಿಗಳಲ್ಲೂ ಓದಿಲ್ಲದವರಲ್ಲೂ ಈ ಪ್ರಮಾಣ ಹೆಚ್ಚು. ಇಲ್ಲಿ ಎಚ್ಚರ ಬೇಕು. ಓದುಬರಹ ಬೇಡುವ ಪ್ರಶ್ನೆಗಳಿಂದ ಅನಕ್ಷರಸ್ಥರನ್ನು ಅಳೆಯುವುದು ತಪ್ಪೆಂದೇ ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಿಗಾಗಿ ಬೇರೆ ಪರೀಕ್ಷೆಯನ್ನು ರೂಪಿಸಲಾಯಿತು; ಅದು ಪ್ರಕಟವಾದದ್ದು 1995ರಲ್ಲಿ. ಗ್ರಾಂಥಿಕ ಕನ್ನಡದ ಪದಪಟ್ಟಿ ಕೇಳಿ ತಬ್ಬಿಬ್ಬಾದ ಚಿಂಚೋಳಿಯ ವೃದ್ಧೆ ರೋಗಿಯೆನಿಸಬಹುದು. ನಿಜವಾದ ರೋಗಿಯೋ ‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತಿನಡಿ ಮರೆಯಾಗಬಹುದು. ಅರವತ್ತು ದಾಟಿದ ನನಗೆ ಆ ಗಾದೆ ಎಂದೂ ಹಿಡಿಸಿಲ್ಲ.

2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ವಿಧಿ ಬಂದ ಬಳಿಕ ಈ ಭಾಗದ ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿಯಿದೆ, ಹಣವೂ ಇದೆ. ಕೋಟಿಗಟ್ಟಲೆ ಬೆಲೆಯ ಯಂತ್ರದ ಖರೀದಿಗೆ ಉತ್ಸಾಹ ತಾನಾಗಿಯೇ ಬರುತ್ತದೆ. ಉದ್ಘಾಟನೆಯ ಫಲಕಕ್ಕೆ ಅದು ಒದಗುತ್ತದಲ್ಲ! ಅದಕ್ಕೆ ಮೊದಲು ಆಗಬೇಕಾದ ಅಗ್ಗದ ಕೆಲಸವೊಂದಿದೆ. ಸಂತೆಯ ಲೆಕ್ಕ, ವಾಡಿ ಜಂಕ್ಷನ್ನಿನ ರೈಲು, ಊರ ಜಾತ್ರೆ ಇಂಥವುಗಳಿಂದ ಹೆಣೆದ ಪುಟ್ಟ ಕಥೆಯನ್ನು ಅವರವರ ಆಡುಮಾತಿನಲ್ಲಿ ಹೇಳಿ, ಅರ್ಧ ಗಂಟೆಯ ನಂತರ ಮರಳಿ ಹೇಳಿಸುವ ಪರೀಕ್ಷೆ. ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸಬಹುದು. ಇದರಲ್ಲಿ ಎಡವಿದವರನ್ನಷ್ಟೇ ಮಿದುಳಿನ ಚಿತ್ರಣಕ್ಕೆ ಕಳುಹಿಸಿದರೆ ಸಾಕು.