ಹಾಕದ ಹೀಟರಿನ ಹೋಸ್ ಒಡೆದದ್ದೇಕೆ?

ಪ್ರಶ್ನೆ: ಹದಿನೆಂಟು ವರ್ಷದ ಹಳೇ ಎಸ್‌ಯುವಿ ನಮ್ಮದು. ಅಜ್ಜಂಪುರ, ಕಡೂರಿನ ಬಿಸಿಲಲ್ಲಿ ಹೀಟರ್ ಹಾಕಿದ್ದೇ ಇಲ್ಲ. ತರೀಕೆರೆಯಿಂದ ಕೆಮ್ಮಣ್ಣುಗುಂಡಿ ಘಾಟಿ ಹತ್ತುವಾಗ ಅದರ ಹೋಸೇ ಒಡೆಯಿತು. ಏಕೆ?

ಉತ್ತರ: ಹೀಟರ್ ನೀವು ಹಾಕಿಲ್ಲ ನಿಜ, ನೀರು ಮಾತ್ರ ಸುಮ್ಮನಿರಲಿಲ್ಲ. ಎಂಜಿನ್ನಿನ ಬಿಸಿ ಕೂಲೆಂಟ್, ಸುಮಾರು 90 ಡಿಗ್ರಿಯದು, ಬಹಳಷ್ಟು ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿಗೆ ಸದಾ ಹೋಗಿ ಬರುತ್ತಿರುತ್ತದೆ. ನಡುವೆ ವಾಲ್ವ್ ಇದ್ದು ಅದು ಮುಚ್ಚಿದ್ದರೂ ಅಲ್ಲಿಯವರೆಗಿನ ಹೋಸಿಗೆ ಒತ್ತಡ ತಪ್ಪದು. ಘಾಟಿಯಲ್ಲಿ ಎಂಜಿನ್ ದುಡಿದಷ್ಟೂ ಬಿಸಿ ಏರುತ್ತದೆ. ಸೋತಿದ್ದ ರಬ್ಬರು ಅಲ್ಲಿ ಕೈಕೊಟ್ಟಿದೆ, ಅಷ್ಟೆ.

ಹೋಸ್ ಹಾಳಾಗುವುದು ಹೆಚ್ಚಾಗಿ ಒಳಗಿನಿಂದ. ಹೊರಗೆ ಕಪ್ಪಗೆ ಮಿಂಚುತ್ತಿದ್ದರೂ ಕ್ಲಿಪ್ಪಿನ ಪಕ್ಕ ಹಿಚುಕಿದರೆ ನೆನೆದ ರೊಟ್ಟಿಯ ಹಾಗೆ ಮೆತ್ತಗೆ, ಇಲ್ಲವೇ ಕರಕರ ಎನ್ನುವಷ್ಟು ಗಡುಸು. ಎರಡೂ ಬದಲಿಸುವ ಲಕ್ಷಣವೇ. ಒಡೆದದ್ದು ಒಂದಾದರೂ ಜೋಡಿಯನ್ನೇ ಹಾಕಿಸಿ, ಹೊಸ ಕ್ಲಿಪ್ಪುಗಳೊಂದಿಗೆ. ಪ್ಲಾಸ್ಟಿಕ್ ಜೋಡಣೆಗಳಿದ್ದರೆ ಅವನ್ನೂ. ಹಳೇ ಪ್ಲಾಸ್ಟಿಕ್ ಬಿಚ್ಚುವಾಗಲೇ ಮುರಿಯುತ್ತದೆ. ಲೋಹದ ಕೊಳವೆಯ ತುಕ್ಕು ಉಜ್ಜದೆ ಹೊಸ ಹೋಸ್ ತೂರಿಸಿದರೆ ಮತ್ತೆ ಸೋರುತ್ತದೆ. ಕೊಳವೆಬಾವಿ ನೀರು ಬೇಡ, ಅದರ ಸುಣ್ಣ ಒಳಗೆ ಕಟ್ಟುತ್ತದೆ, ಕೂಲೆಂಟನ್ನೇ ಹಾಕಿಸಿ.

‘ಹೀಟರ್ ಯಾಕೆ, ಬೈಪಾಸ್ ಮಾಡಿಬಿಡೋಣ’ ಎನ್ನುವ ಮೇಸ್ತ್ರಿಗಳುಂಟು. ಮನೆ ಮುಟ್ಟಲು ಅದು ಸಾಕು. ಮಳೆಗಾಲದ ಘಾಟಿಯಲ್ಲಿ ಗಾಜಿನ ಮಂಜು ಬಿಡಿಸಲು ಮಾತ್ರ ಆ ಬಿಸಿಗಾಳಿಯೇ ಬೇಕು. ಮತ್ತೊಂದು: ಎಂಜಿನ್ ಪೂರ್ತಿ ತಣಿಯುವ ಮುನ್ನ ರೇಡಿಯೇಟರ್ ಮುಚ್ಚಳ ತೆರೆಯಬೇಡಿ.