ಹಳೆಯ ಆಂಪ್ಲಿಫೈಯರಿನಲ್ಲಿ ಹಳೆಯದಾಗುವುದು ಯಾವುದು?

ಹತ್ತು ಸಾವಿರ ರೂಪಾಯಿಯೊಳಗೆ ಮನೆಗೊಂದು ಸ್ಟೀರಿಯೋ ಆಂಪ್ಲಿಫೈಯರ್ ಬೇಕು ಎನ್ನುವವರಿಗೆ ನಾನು ಕೊಡುವ ಸಲಹೆ ಒಂದೇ: ಸೆಕೆಂಡ್ ಹ್ಯಾಂಡ್ ನೋಡಿ. ಮೂವತ್ತು ವರ್ಷ ಓಡಿದ ಫ್ರಿಜ್ಜನ್ನೋ ಟಿ.ವಿ.ಯನ್ನೋ ಕೊಳ್ಳಿ ಎಂದು ಯಾರಿಗೂ ಹೇಳಲಾರೆ. ಆಂಪ್ಲಿಫೈಯರಿನ ಮಾತು ಬೇರೆ. ಅದರಲ್ಲಿ ಬೆಲೆಬಾಳುವ ಭಾಗಗಳಿಗೆ ಹೆಚ್ಚುಕಮ್ಮಿ ವಯಸ್ಸೇ ಆಗುವುದಿಲ್ಲ. ವಯಸ್ಸಾಗುವ ಭಾಗಗಳು ಅಗ್ಗ, ಬದಲಾಯಿಸುವುದೂ ಸುಲಭ.

ಅದು ಕೆಲಸ ಮಾಡುವ ಬಗೆ ತಿಳಿದರೆ ಇದು ಅರ್ಥವಾಗುತ್ತದೆ. ಸಿ.ಡಿ. ಪ್ಲೇಯರಿನಿಂದ ಬರುವ ಪುಟ್ಟ ಸಂಕೇತವನ್ನು ಆಂಪ್ಲಿಫೈಯರ್ ಎಳೆದು ಹಿಗ್ಗಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಸ್ಪೀಕರಿಗೆ ಹೋಗುವ ವಿದ್ಯುತ್ ಗೋಡೆಯ ಪ್ಲಗ್ಗಿನಿಂದ ಬಂದದ್ದು. ಕೆರೆಯ ತೂಬನ್ನು ಒಬ್ಬನೇ ಆಳು ಎತ್ತಿ ಇಳಿಸಿ ಇಡೀ ಬಯಲಿಗೆ ನೀರು ಹಾಯಿಸುವಂತೆ, ಸಣ್ಣ ಸಂಕೇತವು ಟ್ರಾನ್ಸಿಸ್ಟರ್ ಎಂಬ ತೂಬನ್ನು ಆಡಿಸುತ್ತದೆ, ಹರಿಯುವುದು ಕೆರೆಯ ನೀರು. ಆ ಕೆರೆ ಎಂದರೆ ಟ್ರಾನ್ಸ್‌ಫಾರ್ಮರ್ ಮತ್ತು ಅದರ ಪಕ್ಕದಲ್ಲಿ ಡಬ್ಬಿಗಳಂತೆ ನಿಂತ ದೊಡ್ಡ ಕೆಪಾಸಿಟರುಗಳು.

ಟ್ರಾನ್ಸ್‌ಫಾರ್ಮರ್ ಎಂದರೆ ಕಬ್ಬಿಣದ ತಗಡುಗಳಿಗೆ ಸುತ್ತಿದ ತಾಮ್ರದ ತಂತಿ. ಸುಡದಿದ್ದರೆ ಅದು ನಮ್ಮ ಆಯುಷ್ಯವನ್ನೂ ಮೀರಿ ಬಾಳುತ್ತದೆ. ಬಿಸಿ ಹೊರಹಾಕುವ ಹೀಟ್ ಸಿಂಕ್ ಬರೀ ಅಲ್ಯೂಮಿನಿಯಂ. ಪೆಟ್ಟಿಗೆ ಉಕ್ಕಿನದು. ಹೊಸ ಆಂಪ್ಲಿಫೈಯರಿನ ಬೆಲೆಯಲ್ಲಿ ದೊಡ್ಡ ಪಾಲು ಈ ಮೂರಕ್ಕೇ ಹೋಗುತ್ತದೆ. ಹಳೆಯ ಮಾದರಿಗಳನ್ನು ಕೈಯಲ್ಲಿ ಎತ್ತಿ ತೂಕ ನೋಡುವ ಅಭ್ಯಾಸ ಮೂಢನಂಬಿಕೆಯಲ್ಲ, ತಾಮ್ರ ಎಷ್ಟಿದೆ ಎಂದು ಅಳೆಯುವ ನೇರ ಉಪಾಯ.

ಮುಪ್ಪು ಬರುವುದು ಕೆಪಾಸಿಟರುಗಳಿಗೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವನ್ನು ಸುರುಳಿ ಸುತ್ತಿರುತ್ತಾರೆ. ಕೆಳಗಿನ ರಬ್ಬರ್ ಮುಚ್ಚಳದ ಮೂಲಕ ಆ ದ್ರವ ವರ್ಷಾನುಗಟ್ಟಲೆ ಕಣ್ಣಿಗೆ ಕಾಣದಂತೆ ಆರುತ್ತಾ ಹೋಗುತ್ತದೆ. ಕೆಪಾಸಿಟರಿನ ಶತ್ರು ಬಿಸಿ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಪಾಸಿಟರಿನ ಆಯಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು ಸೂತ್ರ. ಹಾಗಾಗಿ ಮಾರುವವರ ಮನೆಗೆ ಹೋದಾಗ ಎಷ್ಟು ವರ್ಷದ್ದು ಎಂದು ಕೇಳುವುದಕ್ಕಿಂತ ಎಲ್ಲಿ ಇಟ್ಟಿದ್ದಿರಿ ಎಂದು ಕೇಳುವುದು ಮೇಲು. ಗಾಳಿಯಾಡುವ ಮೇಜಿನ ಮೇಲಿದ್ದ 1985ರ ಮಾದರಿಯು, ಗಾಜಿನ ಶೋಕೇಸಿನಲ್ಲಿ ಬೆಂದ 2005ರದಕ್ಕಿಂತ ಗಟ್ಟಿಯಾಗಿರಬಹುದು.

ಪರೀಕ್ಷೆ ಅಲ್ಲೇ ಮಾಡಬಹುದು. ವಾಲ್ಯೂಮ್ ಪೂರ್ತಿ ಇಳಿಸಿ, ಹಾಡು ಹಾಕದೆ, ಸ್ಪೀಕರಿಗೆ ಕಿವಿಯಿಡಿ. ನಮ್ಮ ಕರೆಂಟು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಅದರ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ 100 ಹರ್ಟ್ಸ್‌ನ ಏರಿಳಿತ ಉಳಿಯುತ್ತದೆ. ಅದನ್ನು ಸಮ ಮಾಡುವುದು ಆ ದೊಡ್ಡ ಕೆಪಾಸಿಟರುಗಳ ಕೆಲಸ. ಅವು ಸೋತಿದ್ದರೆ ಗುಂಯ್ ಎಂಬ ದಪ್ಪ ದನಿ ಕೇಳುತ್ತದೆ. ತಲೆ ಉಬ್ಬಿದ್ದರೆ, ಬುಡ ಒಸರಿದ್ದರೆ ಅನುಮಾನವೇ ಬೇಡ. ಹೊಸ ಜೋಡಿಗೆ ಕೆಲವು ನೂರು ರೂಪಾಯಿ, ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ ಇದ್ದೇ ಇದೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದುದಾದರೆ ಮಾತ್ರ ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ನಮ್ಮ ಮೆಕ್ಯಾನಿಕ್ಕುಗಳು ಬಳಸುವ ಸೀರೀಸ್ ಬಲ್ಬ್ ಇಂಥ ಹೊತ್ತಿಗೇ ಇರುವುದು. ನೂರು ವ್ಯಾಟಿನ ಹಳೆಯ ಬುರುಡೆ ಬಲ್ಬಿನ ಮೂಲಕ ಕರೆಂಟು ಕೊಟ್ಟಾಗ ಅದು ಒಮ್ಮೆ ಹೊಳೆದು ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ.

ಇನ್ನೊಂದು ಪರೀಕ್ಷೆಯನ್ನು ಎಂದೂ ಬಿಡಬಾರದು. ಸ್ಪೀಕರ್ ತಂತಿ ಕಳಚಿ, ಹತ್ತು ನಿಮಿಷ ಬಿಸಿಯಾಗಲು ಬಿಟ್ಟು, ಸ್ಪೀಕರ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿಯಿರಿ. ಸಂಗೀತದ ವಿದ್ಯುತ್ ಸೊನ್ನೆಯ ಆಚೀಚೆ ತೂಗಬೇಕು. ಹಾಡಿಲ್ಲದಾಗ ಡಿ.ಸಿ. ವೋಲ್ಟೇಜು ಸೊನ್ನೆಯ ಹತ್ತಿರವೇ ಇರಬೇಕು. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ, 100 ದಾಟಿದರೆ ರಿಪೇರಿ ಬೇಕು. ವೋಲ್ಟುಗಟ್ಟಲೆ ಬಂದರೆ ಅದು ಸ್ಪೀಕರಿನ ಕೋನನ್ನು ಒಂದೇ ಕಡೆಗೆ ಒತ್ತಿ ಹಿಡಿದು, ಒಳಗಿನ ಕಾಯಿಲನ್ನು ಸುಟ್ಟುಬಿಡುತ್ತದೆ. ಎರಡು ನಿಮಿಷದ ಈ ಕೆಲಸ ಸ್ಪೀಕರನ್ನು ಉಳಿಸುತ್ತದೆ.

ನಾಬ್ ತಿರುಗಿಸಿದಾಗ ಕರಕರ ಎಂದರೆ ಹೆದರಬೇಡಿ, ಇಂಗಾಲದ ಪಟ್ಟಿಯ ಮೇಲೆ ಧೂಳು ಕೂತಿದೆ. ಕಡಿಮೆ ವಾಲ್ಯೂಮಿನಲ್ಲಿ ಒಂದು ಕಡೆಯ ದನಿ ಮಾಯವಾಗಿ, ಏರಿಸಿದರೆ ಮರಳುತ್ತಿದ್ದರೆ ಬಹುಮಟ್ಟಿಗೆ ಸ್ಪೀಕರನ್ನು ಜೋಡಿಸುವ ರಿಲೇ ಎಂಬ ಸ್ವಿಚ್ಚಿನ ಸಂಪರ್ಕಗಳಿಗೆ ಕಿಲುಬು ಹಿಡಿದಿದೆ. ಎರಡೂ ಚೌಕಾಸಿಗೆ ಒಳ್ಳೆಯ ಕಾರಣಗಳು.

ಬಿಟ್ಟು ಬರಬೇಕಾದವೂ ಇವೆ. ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ವಾರ್ನಿಶ್ ವಾಸನೆ ಬಂದರೆ ಬೇಡ. ಪವರ್ ಭಾಗವೆಲ್ಲ ಎಸ್‌ಟಿಕೆ ಎಂಬ ಒಂದೇ ಐಸಿ ಮಾಡ್ಯೂಲಿನಲ್ಲಿದ್ದು ಅದು ಹೋಗಿದ್ದರೂ ಬೇಡ. ಆ ಹಳೆಯ ನಂಬರುಗಳ ನಕಲಿ ಮಾರುಕಟ್ಟೆಯಲ್ಲಿ ತುಂಬಿದೆ. ಹಿಂಬದಿಯ ತಗಡನ್ನೂ ಓದಿ. ಜಪಾನಿನ ಒಳಮಾರುಕಟ್ಟೆಗೆ ಮಾಡಿದವು 100 ವೋಲ್ಟಿನವು, ಅಮೆರಿಕದವು 120. ವೋಲ್ಟೇಜ್ ಬದಲಿಸುವ ಸ್ವಿಚ್ ಇಲ್ಲದೆ ನಮ್ಮ 230ಕ್ಕೆ ಸಿಕ್ಕಿಸಿದರೆ ಕ್ಷಣದಲ್ಲಿ ಮುಗಿಯಿತು. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಖರ್ಚು ಸೇರಿಸಿ ಲೆಕ್ಕ ಹಾಕಿ.

ಅದೇ ತಗಡು ವ್ಯಾಟಿನ ಸುಳ್ಳನ್ನೂ ಬಯಲು ಮಾಡುತ್ತದೆ. ಮುಖದ ಮೇಲೆ 1,000 ವ್ಯಾಟ್ ಪಿಎಂಪಿಒ (ಕ್ಷಣಿಕ ಗರಿಷ್ಠ ಶಕ್ತಿ) ಎಂದು ಬರೆದು, ಹಿಂದೆ 60 ವ್ಯಾಟ್ ಬಳಕೆ ಎಂದಿದ್ದರೆ ಹಿಂದಿನದನ್ನೇ ನಂಬಬೇಕು. ಒಳಗೆ ಹೋಗದ ಶಕ್ತಿ ಹೊರಗೆ ಬರಲಾರದು. ಅಲ್ಲದೆ ನಮಗೆ ಬೇಕಾದ ವ್ಯಾಟೂ ಕಡಿಮೆಯೇ. ಶಕ್ತಿ ಎರಡು ಪಟ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಹತ್ತಿರ ಹತ್ತಿರ 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಸಾಧಾರಣ ಕೋಣೆಯಲ್ಲಿ ನೆಮ್ಮದಿಯಿಂದ ಕೇಳುವಾಗ ಸ್ಪೀಕರಿಗೆ ಹೋಗುವುದು ಒಂದು ವ್ಯಾಟಿನ ಆಸುಪಾಸು. ಉಳಿದದ್ದೆಲ್ಲ ಮೃದಂಗದ ಒಂದು ಏಟಿನಂಥ ಕ್ಷಣಗಳಿಗೆ.

ಎನ್‌ಎಡಿ 3020 ಆಂಪ್ಲಿಫೈಯರ್ ನನಗೆ ಅಚ್ಚುಮೆಚ್ಚಾಗಿರುವುದು ಇದಕ್ಕೇ. 1972ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಂಪನಿಗಾಗಿ ನಾರ್ವೆಯ ಎರಿಕ್ ಎಡ್ವರ್ಡ್‌ಸೆನ್ ವಿನ್ಯಾಸ ಮಾಡಿದ, 1978ರಲ್ಲಿ ಹೊರಬಂದ ಈ ಸಾದಾ ಪೆಟ್ಟಿಗೆಯ ಮೇಲೆ ಬರೆದದ್ದು ಬರೀ 20 ವ್ಯಾಟ್. ಆದರೆ ಏಟು ಬಿದ್ದ ಕ್ಷಣದಲ್ಲಿ ಅದರ ಎರಡರಷ್ಟು ಕೊಡುವ ತ್ರಾಣ ಅದಕ್ಕಿತ್ತು. ಮಿತಿ ಮೀರಿದಾಗ ಅಲೆಯ ತಲೆ ಚಕ್ಕನೆ ಕತ್ತರಿಸಿಹೋಗದಂತೆ ಮೆಲ್ಲನೆ ಬಾಗಿಸುವ ಸಾಫ್ಟ್ ಕ್ಲಿಪ್ಪಿಂಗ್ ಸ್ವಿಚ್ಚೂ ಇತ್ತು. ಇಂದಿಗೂ ಅದು ಹುಡುಕಿದರೆ ಸಿಗುತ್ತದೆ. ಸಿಕ್ಕಾಗ ಹಿಂಬದಿಯಲ್ಲಿ ಪ್ರಿ-ಆಂಪ್ ಭಾಗದ ಪ್ರಿ-ಔಟ್ ಮತ್ತು ಪವರ್ ಭಾಗದ ಮೇನ್-ಇನ್ ಕುಣಿಗಳನ್ನು ಜೋಡಿಸುವ ಯು ಆಕಾರದ ಲೋಹದ ಕೊಂಡಿಗಳನ್ನು ಮೊದಲು ನೋಡಿ. ಅವು ಕಳೆದುಹೋಗಿದ್ದರೆ ಅಥವಾ ಕಿಲುಬು ಹಿಡಿದಿದ್ದರೆ ಆ ಕಡೆಯ ಸ್ಪೀಕರ್ ಮೂಕವಾಗುತ್ತದೆ. ಒಂದು ಚಾನೆಲ್ ಸತ್ತಿದೆ ಎಂದು ಅಗ್ಗಕ್ಕೆ ಮಾರುವವರಿದ್ದರೆ ಕೊಂಡಿಯನ್ನು ಎಳೆದು ಒರೆಸಿ, ಮತ್ತೆ ಸಿಕ್ಕಿಸಿ ಕೇಳಿ. ದನಿ ಬಂದರೆ ಅವರಿಗೂ ಹೇಳಿ, ಆಮೇಲೆ ಬೆಲೆ ಮಾತಾಡಿ.