ಶಾಸನದ ಎಲ್ಲೆಯ ಸಾಲಿನಲ್ಲಿ ಹೆಬ್ಬಟ್ಟೆ

ದತ್ತಿ ಶಾಸನ ಓದುವಾಗ ನಮ್ಮಲ್ಲಿ ಹೆಚ್ಚಿನವರು ಅರಸನ ಬಿರುದು, ತಿಥಿ, ದಾನಿಯ ಹೆಸರು ನೋಡ್ತೀವಿ. ಭೂಮಿಯ ಎಲ್ಲೆ ಹೇಳುವ ಸಾಲು ಬಂತೆಂದರೆ ಹಾರಿಸಿಬಿಡ್ತೀವಿ. ಹಳೆಯ ದಾರಿಗಳ ಗುರುತು ಉಳಿದಿರುವುದು ಅಲ್ಲೇ. ಮೂಡಲು ಕೆರೆ, ತೆಂಕಲು ನಟ್ಟ ಕಲ್ಲು, ಪಡುವಲು ಹೆಬ್ಬಟ್ಟೆ ಎಂಬ ಧಾಟಿಯಲ್ಲಿ ಆ ವಿವರ ಸಾಗುತ್ತದೆ. ಈ ಬಟ್ಟೆ ಉಡುವ ಬಟ್ಟೆಯಲ್ಲ, ದಾರಿ. ಹೆಬ್ಬಟ್ಟೆ ಅಂದ್ರೆ ಹೆದ್ದಾರಿ.

ಆ ದಾರಿಯಲ್ಲಿ ಏನು ಸಾಗುತ್ತಿತ್ತು ಎಂಬುದನ್ನು ಸುಂಕದ ದತ್ತಿಗಳು ಹೇಳುತ್ತವೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ದೇವರ ನಂದಾದೀವಿಗೆಗೆ, ನೈವೇದ್ಯಕ್ಕೆ ಎಲೆ, ಅಡಕೆ, ಮೆಣಸಿನ ಸುಂಕದಲ್ಲಿ ಹೇರಿಗೆ ಇಷ್ಟೆಂದು ಬಿಟ್ಟುಕೊಡುತ್ತಿದ್ದರು. ಹೇರು ಅಂದರೆ ಎತ್ತು, ಕೋಣ, ಕತ್ತೆಯ ಬೆನ್ನ ಮೇಲಿನ ಹೊರೆ. ಲೆಕ್ಕವೇ ಹೇರಿನಲ್ಲಿದೆ ನೋಡಿ! ಹೇರೆತ್ತಿಗೆ ಕಲ್ಲು ಹಾಸಿದ ರಸ್ತೆ ಬೇಡ. ನೀರು, ಮೇವು, ಕಳ್ಳರಿಂದ ಕಾವಲು ಇದ್ದರೆ ಸಾಕು. ಹಾಗಾಗಿ ಆಳುವವರಿಗೆ ರಸ್ತೆ ಕಟ್ಟಿಸುವುದಕ್ಕಿಂತ ದಾರಿ ಕಾಯುವುದೇ ದೊಡ್ಡ ಕೆಲಸ. ಕಾಯುವವನ ಕೈಗೇ ಸುಂಕ.

ಬನವಾಸಿ ಪನ್ನಿರ್ಚ್ಛಾಸಿರ ಇದಕ್ಕೆ ಒಳ್ಳೆಯ ಉದಾಹರಣೆ. ಮಲೆನಾಡಿನ ಅಡಕೆ, ಮೆಣಸು ಬಯಲಿಗೆ ಹೋಗಬೇಕು, ಕರಾವಳಿಯ ಸರಕು ಘಟ್ಟ ಹತ್ತಬೇಕು. ಘಟ್ಟದಲ್ಲಿ ಕಂಡಕಂಡಲ್ಲಿ ದಾರಿ ಇರುವುದಿಲ್ಲವಲ್ಲ, ಕಣಿವೆ ಹಿಡಿದವನಿಗೆ ಸುಂಕ ತಪ್ಪದು. ಆರನೆಯ ವಿಕ್ರಮಾದಿತ್ಯನ (1076–1126) ದಂಡನಾಯಕ ಅನಂತಪಾಲನ ಕೈಯಲ್ಲಿ ಬನವಾಸಿಯ ಆಡಳಿತವೂ ಇತ್ತು, ಪನ್ನಾಯ ಸುಂಕದ ಅಧಿಕಾರವೂ ಇತ್ತು. ದಂಡು, ಸುಂಕ ಎರಡೂ ಒಬ್ಬನಲ್ಲೇ ಸೇರಿದ್ದು ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ. ಬನವಾಸಿ ನಾಡಿನ ರಾಜಧಾನಿ ಬಳ್ಳಿಗಾವೆ (ಈಗಿನ ಶಿಕಾರಿಪುರ ತಾಲ್ಲೂಕು) ಅಷ್ಟೊಂದು ಗುಡಿ, ಮಠ, ಶಾಸನಗಳ ಊರಾಗಿ ಬೆಳೆದದ್ದರಲ್ಲಿ ಈ ಹೇರುಗಳ ಪಾಲು ದೊಡ್ಡದು.

ಇನ್ನು ಅಯ್ಯಾವೊಳೆ ಐನೂರ್ವರು. ಹೆಸರು ಐಹೊಳೆಯದಾದರೂ ಇವರ ಶಾಸನಗಳು ತಮಿಳುನಾಡಿನಲ್ಲೂ ಇವೆ. ಒಬ್ಬ ಅರಸನ ಗಡಿ ಮುಗಿದಲ್ಲಿ ಇವರ ದಾರಿ ಮುಗಿಯುತ್ತಿರಲಿಲ್ಲ.

ಎಲ್ಲೆಗೆ ನೆಡುತ್ತಿದ್ದ ಲಿಂಗಮುದ್ರೆಯ ಕಲ್ಲುಗಳ ವಿಷಯಕ್ಕೇ ಈ ಟಿಪ್ಪಣಿ. ಅವುಗಳಲ್ಲಿ ಅನೇಕಕ್ಕೆ ಅಕ್ಷರವಿಲ್ಲ, ಆದ್ದರಿಂದ ಓದುವವರೂ ಇಲ್ಲ. ರಸ್ತೆ ಅಗಲ ಮಾಡುವಾಗ ಅಂಥ ಕಲ್ಲನ್ನು ಕಿತ್ತು ಗುಡಿಯ ಮುಂದೆ ನಿಲ್ಲಿಸಿದರೆ ಕಲ್ಲೇನೋ ಉಳಿಯುತ್ತೆ. ಆಮೇಲೆ ಶಾಸನದ ‘ಪಡುವಲು ಹೆಬ್ಬಟ್ಟೆ’ಯನ್ನು ಎಲ್ಲಿಂದ ಅಳೆಯೋದು? ಕಲ್ಲು ಕಂಡಾಗ ಫೋಟೋ ಜೊತೆಗೆ ಸರ್ವೆ ನಂಬರ್ ಬರೆದಿಟ್ಟುಕೊಳ್ಳಿ, ಹತ್ತಿರದ ಕೆರೆ ಯಾವುದು, ಬಂಡಿದಾರಿ ಎತ್ತ ಹೋಗುತ್ತೆ ಅಂತಲೂ.